ಟರ್ಬೊ ಕೂರಿಸಿದ ಮೇಲೆ ಕ್ಲಚ್ಚಿನ ಲೆಕ್ಕ

ಟಾಟಾ ಸುಮೊ 1994ರಲ್ಲಿ ರಸ್ತೆಗಿಳಿದಾಗ ಅದರ ಬಾನೆಟ್ಟಿನಡಿ ಇದ್ದದ್ದು 1948 ಸಿಸಿಯ ಡೀಸೆಲ್ ಇಂಜಿನ್ನು. ಟರ್ಬೊ ಇರಲಿಲ್ಲ. ಶಕ್ತಿ 68 ಅಶ್ವಬಲ, ಟಾರ್ಕ್ ಸುಮಾರು 118 ನ್ಯೂಟನ್-ಮೀಟರ್. ಮಂಡ್ಯ ಸೀಮೆಯಲ್ಲಿ ಈ ಗಾಡಿ ಹೊರದ ಹೊರೆಯಿಲ್ಲ: ಮದುವೆಯ ದಿಬ್ಬಣ, ಮುತ್ತತ್ತಿಯ ಹರಕೆ, ಮೈಸೂರಿನ ಆಸ್ಪತ್ರೆಗೆ ಹೊರಟ ರೋಗಿಯ ಜೊತೆ ಅರ್ಧ ಊರು. ನಾಲ್ಕು ವರ್ಷ ಕಳೆದು 1998ರಲ್ಲಿ ಸಫಾರಿ ಬಂತು. ಅದರಲ್ಲೂ ಅದೇ 1948 ಸಿಸಿ, ಆದರೆ ಟರ್ಬೊ ಮತ್ತು ಇಂಟರ್‌ಕೂಲರ್ ಸೇರಿದ್ದವು. ಶಕ್ತಿ 90 ಅಶ್ವಬಲದ ಆಸುಪಾಸಿಗೂ ಟಾರ್ಕ್ ಸುಮಾರು 190ಕ್ಕೂ ಏರಿತು. ಸಿಲಿಂಡರಿನ ಅಳತೆ ಹೆಚ್ಚದೆ ತಿರುಗಿಸುವ ಬಲ ಶೇಕಡಾ 60ರಷ್ಟು ಹೆಚ್ಚಿತು.

ಇಂಥ ಜೋಡಿ ಕಣ್ಣೆದುರಿಗಿದ್ದಾಗ, ಹಳೆಯ ಇಂಜಿನ್ನಿಗೂ ಟರ್ಬೊ ಕೂರಿಸಬಾರದೇಕೆ ಎಂಬ ಆಸೆ ಹುಟ್ಟುವುದು ಸಹಜ. ಗುಜರಿಯಲ್ಲಿ ಟರ್ಬೊ ಸಿಗುತ್ತದೆ, ಮ್ಯಾನಿಫೋಲ್ಡ್ ಸಿಗುತ್ತದೆ, ಎಣ್ಣೆಯ ಪೈಪು ಎಳೆಯುವ ಕೈ ಚಳಕದ ಮೆಕ್ಯಾನಿಕ್ಕುಗಳೂ ಇದ್ದಾರೆ. ಆದರೆ ಹೆಚ್ಚಾದ ಬಲ ಚಕ್ರ ತಲುಪುವ ಮೊದಲು ಫ್ಲೈವೀಲನ್ನೂ ಕ್ಲಚ್ಚನ್ನೂ ದಾಟಬೇಕು. ಹಳೆಯ ಗಾಡಿಯಲ್ಲಿ ಮೊದಲು ಸೋಲುವುದು ಆ ಜಾಗವೇ. ಈ ಅಧ್ಯಾಯ ಅದರ ಬಗ್ಗೆ.

ಫ್ಲೈವೀಲಿನ ಕೆಲಸ ತಿಳಿಯಲು ಒಂದು ಆಲೆಮನೆಗೆ ಹೋದರೆ ಸಾಕು. ಈಗ ಬಹುತೇಕ ಕಡೆ ಗಾಣ ತಿರುಗಿಸುವುದು ಕರೆಂಟಿನ ಮೋಟಾರು. ಅದಕ್ಕೂ ಹಿಂದೆ ಒಂಟಿ ಸಿಲಿಂಡರಿನ ನಿಧಾನಗತಿಯ ಡೀಸೆಲ್ ಇಂಜಿನ್ನುಗಳಿದ್ದವು, ಎರಡು ಬದಿಗೂ ಆಳೆತ್ತರಕ್ಕೆ ಅರ್ಧದಷ್ಟು ದೊಡ್ಡ ಎರಕದ ಚಕ್ರ ಹೊತ್ತುಕೊಂಡು. ಅಂಥ ಇಂಜಿನ್ನು ನಿಮಿಷಕ್ಕೆ 650 ಸುತ್ತು ತಿರುಗುತ್ತಿದ್ದರೆ, ನಾಲ್ಕು ಹೊಡೆತದ ಲೆಕ್ಕದಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಇಂಧನ ಸಿಡಿಯುತ್ತದೆ. ಅಂದರೆ ಸೆಕೆಂಡಿಗೆ ಐದೂವರೆ ಸಲಕ್ಕಿಂತ ಕಡಿಮೆ. ಒಂದು ಸಿಡಿತಕ್ಕೂ ಮುಂದಿನದಕ್ಕೂ ನಡುವೆ ಸೆಕೆಂಡಿನ ಐದನೇ ಒಂದು ಭಾಗಕ್ಕೆ ಹತ್ತಿರದ ಅಂತರ, ಅದರ ಮುಕ್ಕಾಲು ಪಾಲು ಹೊತ್ತು ಇಂಜಿನ್ನು ಏನನ್ನೂ ಕೊಡುವುದಿಲ್ಲ. ತದ್ವಿರುದ್ಧವಾಗಿ ಗಾಳಿಯನ್ನು ಒತ್ತಲು ಬಲ ಬೇಡುತ್ತದೆ. ಗಾಣದ ಉರುಳೆಗಳ ನಡುವೆ ಕಬ್ಬಿನ ಜಲ್ಲೆ ಸಿಕ್ಕಿರುವಾಗ ಆ ಅಂತರವನ್ನು ತುಂಬಿ ಕೊಡುವುದು ಚಕ್ರದಲ್ಲಿ ಕೂಡಿಟ್ಟ ಚಲನಶಕ್ತಿ. ದಪ್ಪ ಜಲ್ಲೆ ಒಟ್ಟಿಗೆ ನುಗ್ಗಿದಾಗ ಇಂಜಿನ್ನಿನ ದನಿ ಒಮ್ಮೆ ಕುಗ್ಗಿ ಮತ್ತೆ ಏಳುತ್ತದೆಯಲ್ಲ, ಆ ಕುಗ್ಗುವಿಕೆಯೇ ಚಕ್ರ ತನ್ನ ಉಳಿತಾಯವನ್ನು ಬಿಟ್ಟುಕೊಟ್ಟ ಗುರುತು.

ಕಾರಿನ ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಅರ್ಧ ಸುತ್ತಿಗೊಂದು ಸಿಡಿತ. ಐಡ್ಲಿಂಗಿನಲ್ಲಿ, 800 ಸುತ್ತಿನ ವೇಗದಲ್ಲಿ, ಎರಡು ಸಿಡಿತಗಳ ನಡುವಿನ ಅಂತರ ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 37. ತುಂಬಬೇಕಾದ ಅಂತರ ಕಿರಿದಾದ್ದರಿಂದ ಚಕ್ರವೂ ಚಿಕ್ಕದಾಯಿತು.

ತಿರುಗುವ ಚಕ್ರದ ಶಕ್ತಿ ಅದರ ಜಡತ್ವದ ಅರ್ಧಕ್ಕೆ ವೇಗದ ವರ್ಗವನ್ನು ಗುಣಿಸಿದಷ್ಟು. ಜಡತ್ವ ಎಂದರೆ ಇಲ್ಲಿ ಬರಿಯ ತೂಕವಲ್ಲ, ತೂಕ ಅಕ್ಷದಿಂದ ಎಷ್ಟು ದೂರದಲ್ಲಿದೆ ಎನ್ನುವುದೂ ಅದರಲ್ಲಿ ಸೇರಿದೆ. ಅಂಚಿನಲ್ಲಿರುವ ಒಂದು ಕಿಲೊ ಕಬ್ಬಿಣ ನಡುವಿನ ಒಂದು ಕಿಲೊಗಿಂತ ಎಷ್ಟೋ ಪಟ್ಟು ಹೆಚ್ಚು ಕೆಲಸ ಮಾಡುತ್ತದೆ. ಜಡತ್ವ 0.15 ಕಿಲೊಗ್ರಾಂ-ಚದರ ಮೀಟರ್ ಇರುವ ಫ್ಲೈವೀಲನ್ನು ತೆಗೆದುಕೊಳ್ಳಿ. 800 ಸುತ್ತಿನಲ್ಲಿ ಅದರೊಳಗೆ ಸುಮಾರು 530 ಜೂಲ್ ಇರುತ್ತದೆ. 2000ದಲ್ಲಿ ಸುಮಾರು 3,300 ಜೂಲ್, 4000ದಲ್ಲಿ 13,000ಕ್ಕೂ ಮೇಲೆ. ಗಾಡಿ ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಚಾಲಕನ ಕೈಯಲ್ಲಿರುವುದು ಈ ಪಟ್ಟಿಯ ಅತಿ ಚಿಕ್ಕ ಸಂಖ್ಯೆ. ಹಗುರ ಚಕ್ರದ ಗಾಡಿ ಹೊರಡುವಾಗ ಪದೇ ಪದೇ ಆಫ್ ಆಗುವುದು ಇದೇ ಕಾರಣಕ್ಕೆ.

ಇದೇ ತತ್ವದ ಇನ್ನೂ ದೊಡ್ಡ ರೂಪ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗಿ, ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಹೋಯಿತು. ಗಣಿಯಲ್ಲಿ ಯಂತ್ರಗಳು ಒಮ್ಮೆಲೇ ಚಾಲೂ ಆದರೆ, ಟರ್ಬೈನಿಗೆ ಹೆಚ್ಚು ನೀರು ಬಿಡಲು ಗವರ್ನರಿಗೆ ಒಂದಿಷ್ಟು ಹೊತ್ತು ಬೇಕೇ ಬೇಕು. ಜಲವಿದ್ಯುತ್ ಜನರೇಟರಿನಲ್ಲಿ ಆ ಹೊತ್ತನ್ನು ಕಾಯುವುದು ಅದರ ತಿರುಗುವ ಭಾಗದ ಭಾರ. ವಿನ್ಯಾಸಕಾರರು ಅದಕ್ಕೆ ಫ್ಲೈವೀಲ್ ಪರಿಣಾಮವೆಂದೇ ಹೇಳುತ್ತಾರೆ. ಶಿವನಸಮುದ್ರದ ಬ್ಲಫ್‌ನಲ್ಲಿರುವ ಈ ವಿದ್ಯುದಾಗಾರ ನೋಡಲು ಹೋದವರೆಲ್ಲ ನೀರನ್ನೂ ಪೈಪನ್ನೂ ನೋಡುತ್ತಾರೆ. ಭಾರವಾಗಿ ತಿರುಗುವ ಆ ಕಬ್ಬಿಣವೂ ಅಷ್ಟೇ ನೋಡತಕ್ಕದ್ದು ಎಂದು ನನ್ನ ಭಾವನೆ.

ಈಗ ಟರ್ಬೊಗೆ ಬರೋಣ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದರ ಪೇಟೆಂಟ್ ಪಡೆದ. ಸೈಲೆನ್ಸರಿನ ಕಡೆ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯಿಂದ ಒಂದು ಟರ್ಬೈನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಸಿಲಿಂಡರಿಗೆ ಒತ್ತಿ ತುಂಬುವುದು ಅವನ ಉಪಾಯ. ಹೆಚ್ಚು ಗಾಳಿ ಇದ್ದರೆ ಹೆಚ್ಚು ಡೀಸೆಲ್ ಉರಿಯಬಹುದು, ಆದ್ದರಿಂದ ಹೆಚ್ಚು ಟಾರ್ಕ್. ಇಲ್ಲಿ ಗಮನಿಸಬೇಕಾದದ್ದು ಆ ಟಾರ್ಕ್ ಬರುವ ಜಾಗ. ಡೀಸೆಲ್ ಟರ್ಬೊ ಇಂಜಿನ್ನಿನಲ್ಲಿ ಅದು ಏರುವುದು 2000 ಸುತ್ತಿನ ಆಚೀಚೆ, ಅಂದರೆ ನಾವು ದಿನವೂ ಓಡಿಸುವ ವೇಗದಲ್ಲಿ, ಅದೂ ಒಮ್ಮೆಗೇ. ಹಾಗಾಗಿ ಕ್ಲಚ್ಚು ಸೋತದ್ದು ಗೊತ್ತಾಗುವುದು ಮೊದಲ ಗೇರಿನಲ್ಲಲ್ಲ. ಮುತ್ತತ್ತಿಯ ಹೊಳೆದಂಡೆಯಿಂದ ಹಲಗೂರಿನ ಕಡೆ ಏರುವ ಕಾಡುದಾರಿಯಲ್ಲಿ ಗಾಡಿ ತುಂಬ ಜನ ಕೂತಿದ್ದು, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರಾ ಒತ್ತಿದಾಗ ಇಂಜಿನ್ನಿನ ದನಿ ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ಇದನ್ನೇ ಮೆಕ್ಯಾನಿಕ್ಕುಗಳು ಕ್ಲಚ್ ಸ್ಲಿಪ್ ಆಗ್ತಿದೆ ಅನ್ನುವುದು.

ಕ್ಲಚ್ಚು ಎಷ್ಟು ಟಾರ್ಕ್ ತಡೆಯುತ್ತದೆ ಎಂಬುದನ್ನು ನಾಲ್ಕು ಸಂಖ್ಯೆಗಳು ನಿರ್ಧರಿಸುತ್ತವೆ. ಲೈನಿಂಗಿನ ಘರ್ಷಣಾಂಕ, ಪ್ರೆಶರ್ ಪ್ಲೇಟ್ ಒತ್ತುವ ಬಲ, ಲೈನಿಂಗಿನ ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ. ನಾಲ್ಕನ್ನೂ ಗುಣಿಸಿದರೆ ಉತ್ತರ. ಒಂದು ಪ್ಲೇಟಿಗೆ ಮುಖ ಎರಡು, ಒಂದು ಫ್ಲೈವೀಲಿನ ಕಡೆ, ಇನ್ನೊಂದು ಪ್ರೆಶರ್ ಪ್ಲೇಟಿನ ಕಡೆ. ಲೆಕ್ಕಕ್ಕಾಗಿ 215 ಮಿಲಿಮೀಟರ್ ವ್ಯಾಸದ, ಸರಾಸರಿ ತ್ರಿಜ್ಯ 90 ಮಿಲಿಮೀಟರಿನ ಪ್ಲೇಟು ಇದೆ ಎಂದುಕೊಳ್ಳಿ, ಘರ್ಷಣಾಂಕ 0.3, ಒತ್ತುವ ಬಲ 3,000 ನ್ಯೂಟನ್. ಉತ್ತರ 162 ನ್ಯೂಟನ್-ಮೀಟರ್. 118 ಟಾರ್ಕಿನ ಇಂಜಿನ್ನಿಗೆ ಇದು ಧಾರಾಳ. ಕಂಪನಿಗಳು ಸಾಮಾನ್ಯವಾಗಿ ಇಂಜಿನ್ನಿನ ಗರಿಷ್ಠ ಟಾರ್ಕಿನ 1.2ರಿಂದ 1.5 ಪಟ್ಟು ತಾಳುವ ಕ್ಲಚ್ಚು ಕೊಡುತ್ತವೆ. ಲೈನಿಂಗ್ ಸವೆದ ಮೇಲೂ ಬಿಸಿಯಾದ ಮೇಲೂ ಹಿಡಿತ ಉಳಿಯಲಿ ಎಂದು ಆ ಹೆಚ್ಚುವರಿ. 190 ಟಾರ್ಕಿನ ಇಂಜಿನ್ನು ಈ ಹೆಚ್ಚುವರಿಯನ್ನೆಲ್ಲ ನುಂಗಿ, ಅದರಾಚೆಗೂ ಬೇಡುತ್ತದೆ. 1.3 ಪಟ್ಟಿನ ಲೆಕ್ಕ ಹಿಡಿದರೂ ನಮಗೆ ಬೇಕಾದದ್ದು 247.

ಎಲ್ಲಿಂದ ತರುವುದು? ಮುಖಗಳನ್ನು ಹೆಚ್ಚಿಸಿ ಎರಡು ಪ್ಲೇಟು ಹಾಕುವುದು ರೇಸಿನ ದಾರಿ. ಕ್ಲಚ್ಚನ್ನು ಸುತ್ತುವರಿದ ಹಳೆಯ ಬೆಲ್ ಹೌಸಿಂಗಿನೊಳಗೆ ಅದಕ್ಕೆ ಜಾಗವಿರುವುದಿಲ್ಲ. ಉಳಿದದ್ದು ಮೂರು.

ಗ್ಯಾರೇಜುಗಳಲ್ಲಿ ಮೊದಲು ಬಾಯಿಗೆ ಬರುವುದು ಬಿಗಿಯಾದ ಪ್ರೆಶರ್ ಪ್ಲೇಟು. ಅದೇ 215ರ ಪ್ಲೇಟಿನಲ್ಲಿ 247 ಬೇಕಾದರೆ ಒತ್ತುವ ಬಲ 3,000ದಿಂದ ಸುಮಾರು 4,570 ನ್ಯೂಟನ್ನಿಗೆ ಏರಬೇಕು, ಒಂದೂವರೆ ಪಟ್ಟು. ಪೆಡಲು ಗಟ್ಟಿಯಾಗುತ್ತದೆ, ಅದನ್ನು ಕಾಲು ಹೇಗೋ ಅಭ್ಯಾಸ ಮಾಡಿಕೊಂಡೀತು. ಕಾಣದ ತೊಂದರೆ ಇಂಜಿನ್ನಿನೊಳಗಿದೆ. ಕ್ಲಚ್ಚು ಒತ್ತಿದಾಗಲೆಲ್ಲ ರಿಲೀಸ್ ಬೇರಿಂಗು ಇಡೀ ಕ್ರ್ಯಾಂಕ್ ಶಾಫ್ಟನ್ನು ಮುಂದಕ್ಕೆ ನೂಕುತ್ತದೆ. ಆ ನೂಕನ್ನು ತಡೆಯುವುದು ಒಂದು ಜೊತೆ ತೆಳ್ಳನೆಯ ಥ್ರಸ್ಟ್ ವಾಷರ್. ಲಕ್ಷಾಂತರ ಕಿಲೊಮೀಟರ್ ಓಡಿದ ಇಂಜಿನ್ನಿನಲ್ಲಿ ಅದು ಆಗಲೇ ಸವೆದಿರುತ್ತದೆ. ಕ್ಲಚ್ಚಿಗಾಗಿ ಕ್ರ್ಯಾಂಕನ್ನು ಬಲಿ ಕೊಡುವ ವ್ಯಾಪಾರ ಇದು.

ಎರಡನೆಯದು ಘರ್ಷಣಾಂಕ. ಕಾರಿನ ಮಾಮೂಲಿ ಲೈನಿಂಗಿನದು 0.25ರಿಂದ 0.35ರವರೆಗೆ. ಟ್ರ್ಯಾಕ್ಟರುಗಳಲ್ಲಿ ಬರುವ ಬಟನ್ ಪ್ಲೇಟು ನಮ್ಮ ಸೀಮೆಯ ಎಲ್ಲ ಮೆಕ್ಯಾನಿಕ್ಕುಗಳಿಗೂ ಗೊತ್ತು: ಲೋಹದ ಪುಡಿ ಮತ್ತು ಸೆರಾಮಿಕ್ ಸೇರಿಸಿ ಕಾಯಿಸಿ ಒತ್ತಿದ ಬಿಲ್ಲೆಗಳು. ಹಿಡಿತವೂ ಹೆಚ್ಚು, ಬಿಸಿ ತಾಳುವ ಶಕ್ತಿಯೂ ಹೆಚ್ಚು. ಆದರೆ ಅದು ಜಾರುತ್ತಾ ಜಾರುತ್ತಾ ಹಿಡಿಯುವುದಿಲ್ಲ, ಗಪ್ಪನೆ ಹಿಡಿಯುತ್ತದೆ. ಉಳುವ ಟ್ರ್ಯಾಕ್ಟರಿನಲ್ಲಿ ಒಪ್ಪುವ ಈ ಗುಣ, ಮದ್ದೂರಿನ ಪೇಟೆಬೀದಿಯಲ್ಲಿ ಬಾಣಂತಿಯನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಒಪ್ಪದು. ಜೊತೆಗೆ ಫ್ಲೈವೀಲಿನ ಮುಖವನ್ನೂ ಬೇಗ ತಿನ್ನುತ್ತದೆ.

ನನ್ನ ಮತ ಮೂರನೆಯ ದಾರಿಗೆ, ತ್ರಿಜ್ಯಕ್ಕೆ. 240 ಮಿಲಿಮೀಟರಿನ, ಸರಾಸರಿ ತ್ರಿಜ್ಯ 100 ಮಿಲಿಮೀಟರಿನ ಪ್ಲೇಟು ಸಿಕ್ಕರೆ, ಮಾಮೂಲಿ ಲೈನಿಂಗಿನಲ್ಲೇ ಸುಮಾರು 4,120 ನ್ಯೂಟನ್ ಒತ್ತಡ ಸಾಕು. ಉಜ್ಜುವ ಜಾಗವೂ ಹೆಚ್ಚಾಗಿ ಬಿಸಿ ಹರಡಿಕೊಳ್ಳುತ್ತದೆ. ಇದಕ್ಕೆ ಫ್ಲೈವೀಲೂ ಬದಲಾಗಬೇಕು, ಏಕೆಂದರೆ ಪ್ರೆಶರ್ ಪ್ಲೇಟಿನ ಬೋಲ್ಟುಗಳ ವೃತ್ತ ದೊಡ್ಡದಾಗುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಬಿಡಿ ಭಾಗವನ್ನಲ್ಲ. ಅದೇ ಇಂಜಿನ್ ಮನೆತನಕ್ಕೆ ಕಂಪನಿಯೇ ಟರ್ಬೊ ಹಾಕಿ ಮಾರಿದಾಗ ಕೊಟ್ಟ ಪೂರ್ತಿ ಜೋಡಿಯನ್ನು, ಅಂದರೆ ಫ್ಲೈವೀಲು, ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಎಲ್ಲವನ್ನೂ. ಬಿಡಿಭಾಗದ ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಿ ಕೇಳಬೇಡಿ, ಇಂಜಿನ್ ಕೋಡ್ ಹೇಳಿ ಕೇಳಿ. ತಂದ ಮೇಲೆ ಕ್ರ್ಯಾಂಕಿನ ಬೋಲ್ಟು ತೂತುಗಳು, ರಿಂಗ್ ಗೇರಿನ ಹಲ್ಲುಗಳ ಎಣಿಕೆ, ಪ್ಲೇಟಿನ ನಡುವಿನ ಸ್ಪ್ಲೈನು ಗೇರ್ ಬಾಕ್ಸಿನ ಶಾಫ್ಟಿಗೆ ಸರಾಗ ಜಾರುತ್ತದೆಯೇ ಎಂಬುದನ್ನು ಇಂಜಿನ್ನಿಗೆ ಕಟ್ಟುವ ಮೊದಲೇ ನೋಡಿ. ಪ್ಲೇಟಿನ ನಡುವೆ ಸ್ಪ್ರಿಂಗುಗಳಿರುವುದು ಕಡ್ಡಾಯ. ಡೀಸೆಲ್ ಸಿಡಿತದ ಅದುರನ್ನು ಗೇರಿನ ಹಲ್ಲುಗಳಿಗೆ ತಲುಪದಂತೆ ತಡೆಯುವುದು ಅವೇ. ಟರ್ಬೊ ಬಂದ ಮೇಲೆ ಆ ಅದುರು ಇನ್ನೂ ಬಲವಾಗಿರುತ್ತದೆ.

ಇನ್ನು ಬಿಸಿಯ ಮಾತು. ಮಂಡ್ಯದ ರಸ್ತೆಗಳನ್ನು ಬಿಟ್ಟು ಈ ಮಾತನ್ನು ಆಡಲಾಗದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರುಗಳಿಗೂ ದ್ವಿಚಕ್ರ ವಾಹನಗಳಿಗೂ ಪ್ರವೇಶವಿಲ್ಲ. ಅವೆಲ್ಲ ಸರ್ವಿಸ್ ರಸ್ತೆಗೆ ಬಂದವು. ಕಬ್ಬು ಅರೆಯುವ ಕಾಲದಲ್ಲಿ ಕೆ.ಎಂ. ದೊಡ್ಡಿಯ ಕಾರ್ಖಾನೆಗೋ ಕೊಪ್ಪದ ಕಾರ್ಖಾನೆಗೋ ಮಂಡ್ಯದ ಮೈಷುಗರ್‌ಗೋ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿದ ಗಾಡಿ ಮೊದಲ ಗೇರಿಗೂ ತುಸು ಕಡಿಮೆ ವೇಗದಲ್ಲಿ ತೆವಳಬೇಕು. ಚಾಲಕ ಹಾಫ್ ಕ್ಲಚ್ಚಿನಲ್ಲಿ ಹಿಡಿಯುತ್ತಾನೆ.

ಹಾಗೆ ಹಿಡಿದಾಗ 60 ನ್ಯೂಟನ್-ಮೀಟರ್ ಟಾರ್ಕ್ ದಾಟುತ್ತಿದ್ದು, ಫ್ಲೈವೀಲಿಗೂ ಪ್ಲೇಟಿಗೂ ನಡುವೆ ನಿಮಿಷಕ್ಕೆ ಸುಮಾರು 955 ಸುತ್ತಿನ ವ್ಯತ್ಯಾಸವಿದ್ದರೆ, ಕ್ಲಚ್ಚಿನಲ್ಲಿ ಹುಟ್ಟುವ ಬಿಸಿ 6 ಕಿಲೊವ್ಯಾಟ್. ಮನೆಯ ನೀರು ಕಾಯಿಸುವ ಗೀಸರು ಸಾಮಾನ್ಯವಾಗಿ 2 ಕಿಲೊವ್ಯಾಟಿನದು. ಅರ್ಧ ನಿಮಿಷಕ್ಕೆ 1,80,000 ಜೂಲ್ ಆಯಿತು. ಅದರಲ್ಲಿ ಅರ್ಧ ಫ್ಲೈವೀಲಿಗೆ ಹೋಗುತ್ತದೆ. ಫ್ಲೈವೀಲು 10 ಕಿಲೊ ಇದ್ದರೆ ಅದರ ಸರಾಸರಿ ತಾಪ ಸುಮಾರು 20 ಡಿಗ್ರಿ ಏರುತ್ತದೆ. 5 ಕಿಲೊಗೆ ಇಳಿಸಿದ್ದರೆ 39 ಡಿಗ್ರಿ. ಇದು ಇಡೀ ಕಬ್ಬಿಣದ ಸರಾಸರಿ. ಉಜ್ಜುವ ಮೇಲ್ಮೈಯಲ್ಲಿ ಆ ಕ್ಷಣದ ತಾಪ ಇದಕ್ಕಿಂತ ಬಹಳ ಹೆಚ್ಚು. ಹತ್ತು ನಿಮಿಷದಲ್ಲಿ ಏಳೆಂಟು ಸಲ ಹೀಗಾದರೆ ಮಾಮೂಲಿ ಲೈನಿಂಗು ಹಿಡಿತ ಕಳೆದುಕೊಳ್ಳುವ 250 ಡಿಗ್ರಿಯ ಆಸುಪಾಸಿಗೆ ಬಂದುಬಿಡುತ್ತದೆ. ಫ್ಲೈವೀಲಿನ ತೂಕ ಶಕ್ತಿಯನ್ನಷ್ಟೇ ಕೂಡಿಡುವುದಿಲ್ಲ, ಕ್ಲಚ್ಚಿನ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಈ ಎರಡನೆಯ ಕೆಲಸವನ್ನು ಜನ ಮರೆಯುತ್ತಾರೆ.

ಹಗುರ ಫ್ಲೈವೀಲಿನ ಪರವಾಗಿ ಹೇಳುವ ಮಾತು ಸುಳ್ಳೇನಲ್ಲ. ಮೊದಲ ಗೇರು ಮತ್ತು ಡಿಫರೆನ್ಷಿಯಲ್ ಸೇರಿ ಒಟ್ಟು ಅನುಪಾತ 16, ಟೈರಿನ ತ್ರಿಜ್ಯ 34 ಸೆಂಟಿಮೀಟರ್ ಇರುವ ಗಾಡಿಯಲ್ಲಿ, ನಾವು ಹೇಳಿದ 0.15ರ ಫ್ಲೈವೀಲು ವೇಗ ಏರಿಸುವಾಗ 330 ಕಿಲೊ ಹೆಚ್ಚುವರಿ ಹೊರೆಯಷ್ಟು ತೂಗುತ್ತದೆ. ಅನುಪಾತದ ವರ್ಗ ಲೆಕ್ಕಕ್ಕೆ ಬರುವುದರಿಂದ ಹೀಗೆ. ಟಾಪ್ ಗೇರಿನಲ್ಲಿ, ಅನುಪಾತ 4.1 ಆದಾಗ, ಅದೇ ಫ್ಲೈವೀಲು ಬರೀ 22 ಕಿಲೊ. ಮೂರನೇ ಒಂದು ಭಾಗ ಹಗುರ ಮಾಡಿದರೆ ಮೊದಲ ಗೇರಿನಲ್ಲಿ 110 ಕಿಲೊ ಇಳಿದಂತೆ, ಟಾಪಿನಲ್ಲಿ 7 ಕಿಲೊ. ರ‍್ಯಾಲಿಯಲ್ಲಿ ಕ್ಷಣಕ್ಷಣಕ್ಕೂ ಕೆಳಗಿನ ಗೇರಿನಲ್ಲಿ ಎಗರುವವರಿಗೆ ಆ 110 ಕಿಲೊ ಬಂಗಾರ. ಹತ್ತು ಜನರನ್ನು ಕೂರಿಸಿಕೊಂಡು ಮೂರನೆಯ, ನಾಲ್ಕನೆಯ ಗೇರಿನಲ್ಲೇ ದಿನ ಕಳೆಯುವ ಗಾಡಿಗೆ ಅದರಿಂದ ಸಿಗುವುದು ಅತ್ಯಲ್ಪ. ಟರ್ಬೊ ಗಾಡಿಯಲ್ಲಿ ಇನ್ನೊಂದು ಸಂಗತಿಯಿದೆ: ಗೇರು ಬದಲಿಸಲು ಕಾಲೆತ್ತಿದ ಕೂಡಲೇ ಹಗುರ ಚಕ್ರದ ಇಂಜಿನ್ನು ಧಡಕ್ಕನೆ ವೇಗ ಕಳೆದುಕೊಳ್ಳುತ್ತದೆ, ಹೊಗೆಯ ಹರಿವು ಕುಸಿದು ಟರ್ಬೊ ಮತ್ತೆ ಎದ್ದೇಳಲು ಹೊತ್ತು ಬೇಕಾಗುತ್ತದೆ. ಹಾಗಾಗಿ ಈ ಸೀಮೆಯ ಹಳೆಯ ಗಾಡಿಗೆ ಕಂಪನಿ ಕೊಟ್ಟ ತೂಕವನ್ನು ಹಾಗೇ ಉಳಿಸಿ ಎನ್ನುತ್ತೇನೆ.

ಲೇತಿನಲ್ಲಿ ಹಳೆಯ ಎರಕದ ಫ್ಲೈವೀಲನ್ನು ಕೊರೆದು ತೆಳುವಾಗಿಸುವುದಂತೂ ಬೇಡವೇ ಬೇಡ. ತಿರುಗುವ ಚಕ್ರದೊಳಗಿನ ಎಳೆತ ವೇಗದ ವರ್ಗದಂತೆ ಏರುತ್ತದೆ, ಎರಕದ ಕಬ್ಬಿಣ ಒತ್ತನ್ನು ತಾಳಿದಂತೆ ಎಳೆತವನ್ನು ತಾಳದು. ಒಡೆದರೆ ಚೂರುಗಳು ಬೆಲ್ ಹೌಸಿಂಗನ್ನು ಸೀಳಿ ಚಾಲಕನ ಕಾಲಿನ ಕಡೆಗೇ ಬರುತ್ತವೆ. ಹಗುರ ಬೇಕೇ ಬೇಕು ಎನ್ನುವವರು ಗಟ್ಟಿ ಉಕ್ಕಿನಿಂದ ಹೊಸದಾಗಿ ಮಾಡಿದ್ದನ್ನು ಕೊಳ್ಳಬೇಕು.

ಮುಖವನ್ನು ನಯಗೊಳಿಸುವ ಕೆಲಸ ಮಾತ್ರ ಬೇಕಾದದ್ದು, ಅದನ್ನು ಗ್ರೈಂಡಿಂಗ್ ಯಂತ್ರದಲ್ಲಿ ಮಾಡಿಸಿ. ಕಾದು ನೀಲಿಯಾದ ಕಡೆ ಕಬ್ಬಿಣ ಗಡುಸಾಗಿರುತ್ತದೆ. ಲೇತಿನ ಟೂಲು ಅದರ ಮೇಲೆ ಬಂದಾಗ ಎಗರಿ, ಉಬ್ಬನ್ನು ಹಾಗೇ ಬಿಡುತ್ತದೆ. ಪ್ಲೇಟು ಕೂರುವ ಮುಖವೂ ಪ್ರೆಶರ್ ಪ್ಲೇಟಿನ ಬೋಲ್ಟು ಮುಖವೂ ಬೇರೆ ಬೇರೆ ಮಟ್ಟದಲ್ಲಿರುವ ಫ್ಲೈವೀಲುಗಳಿವೆ. ಅಂಥದ್ದರಲ್ಲಿ ಒಂದನ್ನು ಅರ್ಧ ಮಿಲಿಮೀಟರ್ ತೆಗೆದರೆ ಇನ್ನೊಂದನ್ನೂ ಅಷ್ಟೇ ತೆಗೆಯಬೇಕು. ಇಲ್ಲವಾದರೆ ಹೊಸ ಕ್ಲಚ್ಚು ಹಾಕಿದ ದಿನವೇ ಒತ್ತಡ ಕಡಿಮೆಯಾಗಿ ಜಾರಲು ಶುರುವಾಗುತ್ತದೆ, ದೋಷ ಪ್ಲೇಟಿನ ತಲೆಗೆ ಬರುತ್ತದೆ. ಮುಖದಲ್ಲಿ ಕೂದಲೆಳೆಯ ಬಿರುಕುಗಳು ತೂತುಗಳವರೆಗೆ ಹೋಗಿದ್ದರೆ ಆ ಫ್ಲೈವೀಲನ್ನು ಗುಜರಿಗೆ ಹಾಕಿ.

ಗ್ರೈಂಡ್ ಮಾಡಿದ್ದನ್ನು ಪ್ರೆಶರ್ ಪ್ಲೇಟಿನ ಜೊತೆಗೆ ಬ್ಯಾಲೆನ್ಸ್ ಮಾಡಿಸಬೇಕು. ಅಕ್ಷದಿಂದ 12 ಸೆಂಟಿಮೀಟರ್ ದೂರದಲ್ಲಿ 10 ಗ್ರಾಂ ಹೆಚ್ಚುಕಮ್ಮಿ ಇದ್ದರೆ 4000 ಸುತ್ತಿನಲ್ಲಿ ಅದು 210 ನ್ಯೂಟನ್ ಬಲದಿಂದ, ಎಂದರೆ 21 ಕಿಲೊ ತೂಕದಷ್ಟು, ಕ್ರ್ಯಾಂಕಿನ ಹಿಂಬದಿಯ ಬೇರಿಂಗನ್ನು ಸುತ್ತುಸುತ್ತಿಗೂ ಎಳೆಯುತ್ತದೆ. ಹತ್ತು ಗ್ರಾಂ ಅಂದರೆ ಎರಡು ಸಣ್ಣ ವಾಷರು.

ಗೇರ್ ಬಾಕ್ಸ್ ಇಳಿಸಿದ್ದಾಗಲೇ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು, ಪೈಲಟ್ ಬೇರಿಂಗು, ಫ್ಲೈವೀಲಿನ ಬೋಲ್ಟುಗಳನ್ನು ಹೊಸದಾಗಿ ಹಾಕಿ. ಇವುಗಳ ಬೆಲೆ ಇಡೀ ಕೆಲಸದಲ್ಲಿ ಗಣನೆಗೆ ಬಾರದಷ್ಟು. ಸೀಲಿನಿಂದ ಎರಡು ಹನಿ ಎಣ್ಣೆ ಲೈನಿಂಗಿಗೆ ತಾಗಿದರೆ ಮೇಲಿನ ಲೆಕ್ಕವೆಲ್ಲ ನೀರುಪಾಲು. ಇನ್ನೊಂದು ಮಾತನ್ನು ಗ್ಯಾರೇಜಿನ ಹುಡುಗರಿಗಾಗಿ ಒತ್ತಿ ಹೇಳಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು, ಅದರ ಧೂಳು ಶ್ವಾಸಕೋಶದಲ್ಲಿ ಕೂತರೆ ದಶಕಗಳ ಮೇಲೆ ಕ್ಯಾನ್ಸರ್ ತರಬಲ್ಲದು. ಬೆಲ್ ಹೌಸಿಂಗಿಗೆ ಕಂಪ್ರೆಸರಿನ ಗಾಳಿ ಹಿಡಿದು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಕಾನೂನಿನ ಗೆರೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಟರ್ಬೊ ಕೂರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮೆಯವರ ಹತ್ತಿರವೂ ವಿಚಾರಿಸಿಕೊಳ್ಳಬೇಕು. ಕ್ಲಚ್ಚಿನ ಖರ್ಚು ಅದರ ನಂತರದ್ದು.

ಎಲ್ಲ ಕಟ್ಟಿ ಮುಗಿದ ಮೇಲೆ ಹೊಸ ಲೈನಿಂಗು ಮತ್ತು ಹೊಸದಾಗಿ ಉಜ್ಜಿದ ಫ್ಲೈವೀಲು ಒಂದಕ್ಕೊಂದು ಒಗ್ಗಿಕೊಳ್ಳಬೇಕು. ಆರಂಭದಲ್ಲಿ ಅವು ಒಂದನ್ನೊಂದು ಮುಟ್ಟುವುದು ಉಬ್ಬಿದ ತುದಿಗಳಲ್ಲಿ ಮಾತ್ರ, ಆಗಲೇ ಪೂರ್ತಿ ಟಾರ್ಕ್ ಬಿದ್ದರೆ ಆ ತುದಿಗಳು ಸುಟ್ಟು ಗಾಜಿನಂತೆ ನುಣುಪಾಗುತ್ತವೆ. ಮೊದಲ ಐನೂರು ಕಿಲೊಮೀಟರು ಟರ್ಬೊವನ್ನು ಕೆರಳಿಸದೆ, ಹೊರೆ ಹೇರದೆ, ನಿಂತು ಹೊರಡುವುದು ಹೆಚ್ಚಿರುವ ಊರೊಳಗಿನ ದಾರಿಯಲ್ಲಿ ಓಡಿಸಿ. ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಕೆ.ಎಂ. ದೊಡ್ಡಿ ಹಾದು ಮಳವಳ್ಳಿ, ಊರೂರಿಗೂ ಹಂಪು ಇರುವ ಈ ದಾರಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಮುತ್ತತ್ತಿಯ ಏರನ್ನು ಅದಾದ ಮೇಲೆ ಹತ್ತಿಸಿ.